ಹಾಲೊಂದೇ ಸಾಲದು

ನಮ್ಮ ಬಾಳಿನಲ್ಲಿ ಹಾಲಿಗೆ ಇರುವ ಗೌರವ ಬೇರಾವ ಆಹಾರಕ್ಕೂ ಇಲ್ಲ. ಹೊಸ ಮನೆಗೆ ಕಾಲಿಡುವಾಗ ಹಾಲು ಉಕ್ಕಿಸುತ್ತೇವೆ, ನಾಗನಿಗೆ ಹಾಲೆರೆಯುತ್ತೇವೆ, ಮನೆಗೆ ಬಂದವರಿಗೆ ಹಾಲಿಲ್ಲದ ಕಾಪಿ ಕೊಡಬೇಕಾಗಿ ಬಂದರೆ ತಲೆ ತಗ್ಗಿಸುತ್ತೇವೆ. ಇಂಥ ಹಾಲಿನ ಮಿತಿಯನ್ನು ಕುರಿತು ಬರೆಯಹೊರಟರೆ ಓದುಗ ಬಂಧುಗಳು ಹುಬ್ಬೇರಿಸಬಹುದು. ಹಾಲನ್ನು ದೂರುವ ಉದ್ದೇಶ ನಮಗಿಲ್ಲ. ಹಾಲಿನ ಮೇಲೆ ನಾವಿಟ್ಟಿದ್ದ ಕುರುಡು ನಂಬಿಕೆ ಮಾಡಿದ ಅನಾಹುತವನ್ನು ಹೇಳಿಕೊಳ್ಳಬೇಕಾಗಿದೆ. ಅದರ ಫಲವನ್ನು ಉಂಡವನು ಹನ್ನೊಂದು ತಿಂಗಳ ನಮ್ಮ ಪುಳ್ಳಿ.

ನಮ್ಮದು ಕಾಸರಗೋಡಿನ ಒಳನಾಡಿನಲ್ಲಿ ಪಯಸ್ವಿನಿಯ ದಂಡೆಯ ಅಡಿಕೆ ತೋಟದ ಮನೆ. ಮಗನೂ ಸೊಸೆಯೂ ಉದ್ಯೋಗಸ್ಥರು. ಹೆರಿಗೆಯ 26 ವಾರಗಳ ರಜೆ ಮುಗಿದು ಸೊಸೆ ಕೆಲಸಕ್ಕೆ ಮರಳಿದಾಗ ಮಗುವಿನ ಹಗಲಿನ ಪೋಷಣೆ ಅಜ್ಜ ಅಜ್ಜಿಯರಾದ ನಮ್ಮಿಬ್ಬರ ಪಾಲಿಗೆ ಬಂತು. ಇದಕ್ಕಿಂತ ಹೆಚ್ಚಿನ ಭಾಗ್ಯ ಇಳಿವಯಸ್ಸಿನಲ್ಲಿ ಇನ್ನೇನಿದೆ? ಸೊಸೆ ಬೆಳಗ್ಗೆ ಮತ್ತು ರಾತ್ರಿ ಎದೆಹಾಲು ಕೊಡುತ್ತಿದ್ದಳು. ಹಗಲಿಗೂ ಎದೆಹಾಲನ್ನೇ ಹಿಂಡಿ ಪಾತ್ರೆಯಲ್ಲಿ ತೆಗೆದಿರಿಸುವೆನೆಂದು ಆಕೆ ಹೇಳಿದಳು. ನಮಗೆ ಅದು ವಿಚಿತ್ರವಾಗಿ ಕಂಡಿತು. “ಹಟ್ಟಿಯಲ್ಲಿ ಗೌರಿ ಇರುವಾಗ ನಿನಗೇಕೆ ಮಗಳೇ ಆ ಕಷ್ಟ?” ಎಂದುಬಿಟ್ಟೆವು. ಆಕೆ ಮರುಮಾತಾಡಲಿಲ್ಲ.

ಗೌರಿ ಮಿಶ್ರತಳಿಯ ಹಸು. ಎರಡು ಹೊತ್ತಿಗೆ ಸೇರಿ ಹತ್ತು ಲೀಟರಿಗೆ ಕಡಿಮೆಯಿಲ್ಲದಂತೆ ಕರೆಯುತ್ತಿತ್ತು. ಪೇಟೆಯ ಪೊಟ್ಟಣದ ಹಾಲಲ್ಲ, ಹಟ್ಟಿಯಿಂದ ನೇರವಾಗಿ ಒಲೆಗೆ ಬರುವ ಹಾಲು! ಮೊದಮೊದಲು ಒಳಲೆಯಲ್ಲಿ, ಆಮೇಲೆ ಲೋಟದಲ್ಲಿ, ಕೊನೆಗೆ ನಮ್ಮ ಅನುಕೂಲಕ್ಕಾಗಿ ಸೀಸೆಯಲ್ಲಿ ಕುಡಿಸಿದೆವು. ಮಗು ಅತ್ತರೆ ಹಾಲು, ನಿದ್ದೆಗೆ ಮುನ್ನ ಹಾಲು, ಎದ್ದ ಮೇಲೆ ಹಾಲು. ಒಂಬತ್ತು ತಿಂಗಳಾಗುವಷ್ಟರಲ್ಲಿ ದಿನಕ್ಕೆ ಒಂದು ಲೀಟರಿನ ಹತ್ತಿರ ಹೋಗಿತ್ತು. ರಾಗಿ ಮಣ್ಣಿಯ ಬಟ್ಟಲು ತಂದರೆ ಮುಖ ತಿರುಗಿಸುತ್ತಿದ್ದ. ಮೆದುವಾಗಿ ಬೆಂದ ಅನ್ನವನ್ನು ಉಗುಳುತ್ತಿದ್ದ. “ಮಣ್ಣಿ ತಿನ್ನದಿದ್ದರೇನು, ಹಾಲು ಕುಡಿಯುತ್ತಾನಲ್ಲ” ಎಂದು ನಾವು ಸಮಾಧಾನಪಟ್ಟುಕೊಂಡೆವು. ಕೈಕಾಲು ತುಂಬಿಕೊಂಡ ಬೆಣ್ಣೆಯ ಮುದ್ದೆಯಂಥ ಮಗು. ಬಂದವರೆಲ್ಲ “ಮನೆ ಹಾಲಿನ ಗುಣ” ಎಂದು ಹೊಗಳುವರು. ಎಷ್ಟು ಬಿಳುಪಾಗಿದ್ದಾನೆ ಎಂದು ಕೆನ್ನೆ ಸವರುವರು. ಆ ಬಿಳುಪು ಯಾವ ಬಿಳುಪೆಂದು ಯಾರಿಗೂ ಹೊಳೆಯಲಿಲ್ಲ.

ಮೊದಲು ಅನುಮಾನ ಬಂದುದು ಸೊಸೆಗೆ. “ಅತ್ತೇ, ಮಗು ಮೊದಲಿನಂತೆ ನಗುವುದಿಲ್ಲ” ಎಂದಳು ಒಂದು ಸಂಜೆ. ಹಲ್ಲು ಬರುವ ಕಾಲವೆಂದು ಸಾಂತ್ವನ ಹೇಳಿದೆವು. ಅಂಬೆಗಾಲಿಡುತ್ತಿದ್ದ ಮಗು ಕುಳಿತಲ್ಲೇ ಕುಳಿತಿರತೊಡಗಿತು; ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ ಹೋಗುತ್ತಿತ್ತು. ಕಣ್ಣು ತಪ್ಪಿದರೆ ತುಳಸಿಕಟ್ಟೆಯ ಮಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು, ಚಾವಡಿಯ ಸುಣ್ಣದ ಗೋಡೆಯನ್ನು ನೆಕ್ಕುತ್ತಿತ್ತು. ಬಾಲಕೃಷ್ಣನ ಲೀಲೆಯೆಂದು ನಾವು ನಕ್ಕಿದ್ದೆವು. ಈಗ ಅದನ್ನು ನೆನೆದರೆ ನಗು ಬರುವುದಿಲ್ಲ.

ಕೊನೆಗೆ ಸಣ್ಣ ಜ್ವರವೊಂದರ ನೆಪದಲ್ಲಿ ಪೇಟೆಯ ಮಕ್ಕಳ ವೈದ್ಯೆಯಲ್ಲಿಗೆ ಹೋದೆವು. ಆಕೆ ಮಗುವಿನ ಕೆಳರೆಪ್ಪೆಯನ್ನು ಎಳೆದು ನೋಡಿದರು, ಅಂಗೈ ನೋಡಿದರು, ಮಲಯಾಳಂ ಬೆರೆತ ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳಿದರು: “ದಿನಕ್ಕೆ ಎಷ್ಟು ಹಾಲು ಕೊಡುತ್ತೀರಿ?” ನಾವು ಅಭಿಮಾನದಿಂದಲೇ ಲೆಕ್ಕ ಒಪ್ಪಿಸಿದೆವು. ವೈದ್ಯೆ ರಕ್ತಪರೀಕ್ಷೆಗೆ ಚೀಟಿ ಬರೆದರು. ಹಿಮೋಗ್ಲೋಬಿನ್ 7.1 ಗ್ರಾಂ ಎಂದು ಫಲಿತಾಂಶ ಬಂತು. ಈ ವಯಸ್ಸಿನ ಮಗುವಿಗೆ ಅದು ಹತ್ತೂವರೆಗಿಂತ ಕೆಳಗಿದ್ದರೆ ರಕ್ತಹೀನತೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಗೊತ್ತುಮಾಡಿದೆ. ಹಸು ಕಟ್ಟಿದ ಮನೆಯ, ಉಣ್ಣಲು ಯಾವ ಕೊರತೆಯೂ ಇಲ್ಲದ ಮನೆಯ ಮಗುವಿಗೆ ರಕ್ತವಿಲ್ಲ! ಹಾಲು ಕರೆದವರೂ ನಾವೇ, ಕಾಯಿಸಿದವರೂ ನಾವೇ, ಕುಡಿಸಿದವರೂ ನಾವೇ. ಇನ್ನು ಯಾರನ್ನು ದೂರೋಣ?

ವೈದ್ಯೆ ತಾಳ್ಮೆಯಿಂದ ವಿವರಿಸಿದ ಸಂಗತಿಗಳನ್ನೂ ಅನಂತರ ನಾವು ಓದಿ ತಿಳಿದುಕೊಂಡುದನ್ನೂ ಇಲ್ಲಿ ಹೇಳಬಯಸುತ್ತೇವೆ. ಹೆಚ್ಚಿನ ಮನೆಗಳಲ್ಲಿ ಮಗುವಿನ ಬಟ್ಟಲನ್ನು ಹಿಡಿಯುವವರು ಹಿರಿಯರೇ ಆದುದರಿಂದ ಇದು ನಮ್ಮ ವಯಸ್ಸಿನವರಿಗೆ ಮುಖ್ಯವಾಗಿ ತಿಳಿದಿರತಕ್ಕುದು.

ತಿಂಗಳು ತುಂಬಿ ಹುಟ್ಟಿದ ಮಗು ತಾಯಿಯ ಗರ್ಭದಿಂದಲೇ ಕಬ್ಬಿಣದ ಬುತ್ತಿಯನ್ನು ಕಟ್ಟಿಕೊಂಡು ಬರುತ್ತದೆ. ಆ ಬುತ್ತಿ ಸುಮಾರು ಆರು ತಿಂಗಳಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಮಗು ವೇಗವಾಗಿ ಬೆಳೆಯುವ ಕಾಲ. ರಕ್ತಕ್ಕೂ ಮಿದುಳಿಗೂ ಕಬ್ಬಿಣ ಬೇಕು. ಅದು ಊಟದಿಂದಲೇ ಬರಬೇಕು. ಹಸುವಿನ ಹಾಲಿನಲ್ಲಿ ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಮಾತ್ರ ಇರುತ್ತದೆ, ಅದರಲ್ಲಿಯೂ ಸಣ್ಣದೊಂದು ಪಾಲಷ್ಟೇ ಮೈಗೆ ಹತ್ತುತ್ತದೆ. ತಾಯಿಯ ಹಾಲಿನಲ್ಲಿಯೂ ಕಬ್ಬಿಣ ಕಡಿಮೆಯೇ. ಆದರೆ ಇದ್ದುದರಲ್ಲಿ ಅರ್ಧದಷ್ಟನ್ನು ಮಗು ಹೀರಿಕೊಳ್ಳಬಲ್ಲುದು. ಹಸುವಿನ ಹಾಲಿನ ಸುಣ್ಣಾಂಶವೂ ಕೇಸೀನ್ ಎಂಬ ಪ್ರೋಟೀನೂ ಬೇರೆ ಆಹಾರದಲ್ಲಿರುವ ಕಬ್ಬಿಣವನ್ನು ಸಹ ತಡೆಯುತ್ತವೆ. ಇಷ್ಟು ಸಾಲದೆಂಬಂತೆ, ಒಂದು ವರ್ಷದೊಳಗಿನ ಕೆಲವು ಶಿಶುಗಳಲ್ಲಿ ಹಸುವಿನ ಹಾಲಿನಿಂದ ಕರುಳಿನ ಒಳಪದರದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುವುದುಂಟು. ಮತ್ತೊಂದು ಮಾತು, ಎದೆಹಾಲಿಗೆ ಹೋಲಿಸಿದರೆ ಹಸುವಿನ ಹಾಲಿನಲ್ಲಿ ಪ್ರೋಟೀನು ಮೂರು ಪಾಲು. ಉಪ್ಪಿನ ಅಂಶವೂ ಹೆಚ್ಚು. ಬಲಿಯದ ಮೂತ್ರಪಿಂಡಗಳಿಗೆ ಅದೊಂದು ಹೊರೆ. ಭೇದಿಯೋ ಜ್ವರವೋ ಬಂದಾಗ ಈ ಹೊರೆಯಿಂದ ಮೈಯ ನೀರು ಬೇಗನೆ ಬತ್ತುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದ ಕಾರಣ ಬಹಳ ಸರಳವಾದುದು. ಹನ್ನೊಂದು ತಿಂಗಳ ಮಗುವಿನ ಹೊಟ್ಟೆ ಎಷ್ಟು ದೊಡ್ಡದು? ಅದನ್ನು ಐದು ಸಲ ಹಾಲಿನಿಂದ ತುಂಬಿಸಿದರೆ ಮಣ್ಣಿಗೆ ಎಡೆಯೆಲ್ಲಿ? ಮಗು ಹಟ ಮಾಡುತ್ತಿದೆಯೆಂದು ನಾವು ತಿಳಿದಿದ್ದೆವು. ಅದಕ್ಕೆ ಹಸಿವೇ ಇರಲಿಲ್ಲ.

ಇಲ್ಲಿ ನಮಗೆ ನಮ್ಮ ತಾಯಂದಿರ ಕಾಲ ನೆನಪಾಗುತ್ತದೆ. ಆಗ ಹಟ್ಟಿಯಲ್ಲಿದ್ದುದು ಇಂದು ‘ಕಾಸರಗೋಡು ಗಿಡ್ಡ’ ಎಂದು ಹೆಸರಾಗಿರುವ ಕುಳ್ಳು ದನ. ಕರುವಿಗೆ ಬಿಟ್ಟು ಉಳಿದುದು ಒಂದೆರಡು ಕುಡ್ತೆ ಹಾಲು. ಅದರಲ್ಲಿ ದೇವರಿಗೆ, ಮಜ್ಜಿಗೆಗೆ, ಮುದುಕರ ಕಾಪಿಗೆಂದು ಹಂಚಿ ಹೋಗಿ ಮಗುವಿನ ಪಾಲಿಗೆ ಬರುತ್ತಿದ್ದುದು ಅಲ್ಪ. ಆದುದರಿಂದ ರಾಗಿಯನ್ನು ನೆನೆಸಿ ಅರೆದು ಸೋಸಿದ ಮಣ್ಣಿ, ಒಣಗಿಸಿದ ಬಾಳೆಕಾಯಿಯ ಹುಡಿಯ ಮಣ್ಣಿ, ಬೆಂದ ಕುಚ್ಚಿಲಕ್ಕಿಯ ಗಂಜಿಯ ಬೊಂಬು, ತೊವ್ವೆಯ ತಿಳಿ, ಇವುಗಳಿಂದಲೇ ಮಕ್ಕಳು ಬೆಳೆಯಬೇಕಾಗಿತ್ತು. ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ನಾವು ಹೇಳುವುದಿಲ್ಲ. ಸೊರಗಿದ ಮಕ್ಕಳನ್ನೂ ಕಳೆದುಕೊಂಡ ಮಕ್ಕಳನ್ನೂ ಪ್ರತಿಯೊಂದು ಮನೆಯೂ ಕಂಡಿತ್ತು. ಆದರೆ ಹಾಲು ಊಟದ ಜಾಗವನ್ನು ಕಸಿಯುವಷ್ಟು ಹೇರಳವಾಗಿರಲಿಲ್ಲ. ಬಡತನ ಕಲಿಸಿದ್ದ ಮಿತಿಯನ್ನು ಸಮೃದ್ಧಿ ಮರೆಸಿತು.

ಹಾಗಾದರೆ ಯಾವ ಹಾಲು ಒಳ್ಳೆಯದು? ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ. ಆರು ತಿಂಗಳು ತುಂಬಿದ ಮೇಲೆ ಮೇಲೂಟದೊಂದಿಗೆ ಎರಡು ವರ್ಷದವರೆಗೆ, ಸಾಧ್ಯವಾದರೆ ಅದಕ್ಕೂ ಮುಂದೆ, ಎದೆಹಾಲು ಮುಂದುವರಿಯಬೇಕು. ಆರರಿಂದ ಹನ್ನೆರಡು ತಿಂಗಳ ಮಗುವಿಗೆ ಬೇಕಾದ ಶಕ್ತಿಯ ಅರ್ಧದಷ್ಟನ್ನೂ, ಎರಡನೆಯ ವರ್ಷದಲ್ಲಿ ಮೂರನೆಯ ಒಂದು ಪಾಲನ್ನೂ ಎದೆಹಾಲೇ ಒದಗಿಸಬಲ್ಲುದು. ಸೊಸೆ ಹಿಂಡಿ ಇರಿಸುವೆನೆಂದ ಹಾಲನ್ನು ನಾವು ಬೇಡವೆಂದುದು ಎಂಥ ಅವಿವೇಕವೆಂದು ಈಗ ತಿಳಿಯುತ್ತದೆ.

ಎದೆಹಾಲು ಸಿಗದ ಶಿಶುವಿನ ವಿಷಯದಲ್ಲಿ ತಜ್ಞರ ಮಾತು ಪೂರ್ತಿ ಒಂದೇ ಆಗಿಲ್ಲ. ಒಂದು ವರ್ಷದವರೆಗೆ ಹಸುವಿನ ಹಾಲನ್ನು ಮುಖ್ಯ ಪಾನೀಯವಾಗಿ ಕೊಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ, ಎದೆಹಾಲಲ್ಲದ ಹಾಲನ್ನು ಕುಡಿಯುವ ಆರರಿಂದ ಹನ್ನೊಂದು ತಿಂಗಳ ಶಿಶುಗಳಿಗೆ ಶಿಶು ಹಾಲಿನ ಹುಡಿಯನ್ನಾಗಲಿ ಪ್ರಾಣಿಗಳ ಹಾಲನ್ನಾಗಲಿ ಕೊಡಬಹುದು; ವರ್ಷ ತುಂಬಿದ ಮೇಲೆ ಪ್ರಾಣಿಗಳ ಹಾಲೇ ಸಾಕು, ದೊಡ್ಡ ಮಕ್ಕಳಿಗೆಂದು ಮಾರುವ ಮುಂದಿನ ಹಂತದ ಹುಡಿಗಳು ಬೇಕಾಗಿಲ್ಲ. ಹಾಲಿನ ಪಕ್ಕದಲ್ಲಿ ಕಬ್ಬಿಣವುಳ್ಳ ಊಟ ಇರಲೇಬೇಕೆಂಬಲ್ಲಿ ಎಲ್ಲರೂ ಒಮ್ಮತದಿಂದಿದ್ದಾರೆ. ವರ್ಷ ದಾಟಿದ ಮಗುವಿಗೂ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಸಲ್ಲದೆಂದು ನಮ್ಮ ವೈದ್ಯೆ ಕಟ್ಟುನಿಟ್ಟಾಗಿ ಹೇಳಿದರು.

ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚು, ಕಬ್ಬಿಣ ಮಾತ್ರ ಹೆಚ್ಚಿಲ್ಲ. ಆಡಿನ ಹಾಲು ಹಗುರವೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಅದರಲ್ಲಿ ಫೋಲಿಕ್ ಆಮ್ಲ ತೀರ ಕಡಿಮೆಯಾದುದರಿಂದ ಅದನ್ನೇ ನೆಚ್ಚಿದ ಶಿಶುವಿಗೆ ಬೇರೊಂದು ಬಗೆಯ ರಕ್ತಹೀನತೆ ಬರುತ್ತದೆ. ನೀರು ಬೆರೆಸಿ ತೆಳ್ಳಗೆ ಮಾಡಿದ ಹಾಲಿನಲ್ಲಿ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಡಬ್ಬಿಯ ಹುಡಿಯನ್ನು ಬಳಸಲೇಬೇಕಾದವರು ಅಳತೆ ತಪ್ಪಬಾರದು. ಕುದಿಸಿ ಆರಿಸಿದ ನೀರು, ಶುಚಿಯಾದ ಲೋಟ ಚಮಚ ಬೇಕು. ಸೀಸೆಯ ರಬ್ಬರಿನ ತೊಟ್ಟು ರೋಗಾಣುಗಳ ತವರುಮನೆ.

ಡಬ್ಬಿಯ ಹಾಲಿನ ಕಥೆ ಹಳೆಯದು. 1939ರಲ್ಲಿ ಸಿಂಗಾಪುರದಲ್ಲಿ ಸಿಸೆಲಿ ವಿಲಿಯಮ್ಸ್ ಎಂಬ ವೈದ್ಯೆ ‘ಹಾಲು ಮತ್ತು ಕೊಲೆ’ ಎಂಬ ಕಟುವಾದ ಹೆಸರಿನ ಭಾಷಣವನ್ನೇ ಮಾಡಿದರು. ಎದೆಹಾಲು ಬಿಡಿಸಿ ಸಕ್ಕರೆ ಬೆರೆತ ಡಬ್ಬಿ ಹಾಲು ಕುಡಿಸಿದ ಶಿಶುಗಳ ಸಾವನ್ನು ಕಣ್ಣಾರೆ ಕಂಡ ತಾಯಿಹೃದಯದ ಮಾತು ಅದು. 1981ರಲ್ಲಿ ಇಂಥ ಹುಡಿಗಳ ಮಾರಾಟಕ್ಕೆ ಅಂತಾರಾಷ್ಟ್ರೀಯ ನಿಯಮಾವಳಿ ಬಂತು. ನಮ್ಮ ದೇಶದಲ್ಲಿ 1992ರಲ್ಲಿ ಕಾನೂನು ಬಂದು 2003ರಲ್ಲಿ ಬಿಗಿಗೊಂಡಿತು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಹುಡಿ, ಶಿಶು ಆಹಾರ, ಹಾಲಿನ ಸೀಸೆ ಇವುಗಳ ಜಾಹೀರಾತು ನಿಷಿದ್ಧ. ಅದಕ್ಕೂ ದೊಡ್ಡ ಮಕ್ಕಳ ಹೆಸರಿನಲ್ಲಿ ಬರುವ ಚಾಕಲೇಟು ಬಣ್ಣದ ಹುಡಿಗಳು ಮಾತ್ರ ಅಂಗಡಿಯ ಮುಂದಿನ ಸಾಲಿನಲ್ಲೇ ನಗುತ್ತಿವೆ. ನಾವೂ ಒಂದು ಡಬ್ಬಿ ತಂದಿದ್ದೆವು. ಅದರಲ್ಲಿ ಸಕ್ಕರೆಯೇ ಎದ್ದು ಕಾಣುತ್ತದೆಂದು ವೈದ್ಯೆ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ತೋರಿಸಿದರು.

ಇನ್ನು ನಮ್ಮ ಅತಿ ದೊಡ್ಡ ತಪ್ಪನ್ನು ಹೇಳಬೇಕು. ಆಸ್ಪತ್ರೆಯಿಂದ ಬಂದ ಸಂಜೆ ಸೊಸೆ ಚಾವಡಿಯ ಕಪಾಟನ್ನು ತೆಗೆದು ಒಂದು ಸಣ್ಣ ಸೀಸೆಯನ್ನೂ ಮಡಚಿದ ಕಾಗದವೊಂದನ್ನೂ ನಮ್ಮ ಮುಂದಿರಿಸಿದಳು. ಮಗುವಿಗೆ ಆರು ತಿಂಗಳಾದಾಗ ಆಶಾ ಕಾರ್ಯಕರ್ತೆ ತಂದುಕೊಟ್ಟಿದ್ದ ಕಬ್ಬಿಣದ ಔಷಧ ಅದು. 2018ರಿಂದ ನಡೆಯುತ್ತಿರುವ ‘ರಕ್ತಹೀನತೆ ಮುಕ್ತ ಭಾರತ’ ಕಾರ್ಯಕ್ರಮದಲ್ಲಿ ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಕೊಡತಕ್ಕ ಔಷಧ. ಎರಡು ಸಲ ಕೊಟ್ಟಿದ್ದೆವು. ಮಗುವಿನ ಮಲ ಕಪ್ಪಾದುದನ್ನು ಕಂಡು ಗಾಬರಿಯಿಂದ ನಿಲ್ಲಿಸಿ, ಸೊಸೆಗೆ ತಿಳಿಸದೆ ಕಪಾಟಿಗೆ ಸೇರಿಸಿಬಿಟ್ಟೆವು. ಮಲ ಕಪ್ಪಾಗುವುದು ಸಹಜ, ಹೆದರಬೇಕಾಗಿಲ್ಲ ಎಂದು ಆ ಕಾಗದದಲ್ಲಿಯೇ ಅಚ್ಚಾಗಿತ್ತು, ಮಲಯಾಳಂನಲ್ಲಿ. ನಾವು ಕನ್ನಡ ಶಾಲೆಯಲ್ಲಿ ಕಲಿತವರು. ಸಂತೆಯಲ್ಲಿ ಮಲಯಾಳಂ ಮಾತಾಡಿ ವ್ಯವಹಾರ ಮಾಡಬಲ್ಲೆವು, ಅಕ್ಷರ ಬಾರದು.

ಗಡಿನಾಡಿನ ಕನ್ನಡಿಗರಾದ ನಮಗೆ ಇದೇನೂ ಹೊಸ ಅನುಭವವಲ್ಲ. ಬಸ್ಸಿನ ಫಲಕ, ಕಚೇರಿಯ ಅರ್ಜಿ, ಔಷಧದ ಚೀಟಿ, ಎಲ್ಲದರ ಮುಂದೆಯೂ ಒಂದು ಕ್ಷಣ ನಿರಕ್ಷರರಾಗಿ ನಿಂತವರು ನಾವು. ಕನ್ನಡದಲ್ಲಿಯೂ ಅಚ್ಚು ಹಾಕಿಸಿದ್ದರೆ ಎಂದು ಕೇಳುವ ಹಕ್ಕು ನಮಗಿದೆ, ಕೇಳುತ್ತಲೂ ಇರೋಣ. ಆದರೆ ಅದರ ಮರೆಯಲ್ಲಿ ನಮ್ಮ ತಪ್ಪನ್ನು ಮುಚ್ಚುವುದು ಸರಿಯಲ್ಲ. ಆಶಾ ಕಾರ್ಯಕರ್ತೆ ನಮ್ಮೊಡನೆ ತುಳುವಿನಲ್ಲಿ ಮಾತಾಡುವ ಹೆಣ್ಣುಮಗಳು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ನಾವು ಕೇಳಲಿಲ್ಲ.

ಅಂಗನವಾಡಿಯಿಂದ ಬರುತ್ತಿದ್ದ ‘ಅಮೃತಂ’ ಹುಡಿಯ ಪೊಟ್ಟಣಗಳದು ಇನ್ನೂ ನಾಚಿಕೆಯ ಕಥೆ. ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ ಸೇರಿದ ಈ ಹುಡಿ ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳಿಗಾಗಿ ಕುಟುಂಬಶ್ರೀಯ ಮಹಿಳೆಯರು ತಯಾರಿಸುವಂಥದು. ಇದರ ಪಾಕವನ್ನು ರೂಪಿಸಿದುದು ನಮ್ಮದೇ ಕಾಸರಗೋಡಿನ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ. ಇಡೀ ಕೇರಳದ ಮಕ್ಕಳು ಉಣ್ಣುವ ಆಹಾರ ನಮ್ಮೂರಿನಲ್ಲಿ ಹುಟ್ಟಿತೆಂದು ಹೆಮ್ಮೆಪಡಬೇಕಾದ ನಾವು ಏನು ಮಾಡಿದೆವು? ಪುಕ್ಕಟೆ ಸಿಗುವ ಹುಡಿ ನಮ್ಮ ಮಗುವಿಗೇಕೆಂದು ಗೌರಿಯ ಅಕ್ಕಚ್ಚಿಗೆ ಬೆರೆಸಿದೆವು. ಮಗುವಿನ ಊಟ ಹಸುವಿಗೆ, ಕರುವಿನ ಹಾಲು ಮಗುವಿಗೆ! ವೈದ್ಯೆಯ ಮುಂದೆ ಇದನ್ನು ಒಪ್ಪಿಕೊಂಡಾಗ ಆಕೆ ಗದರಲಿಲ್ಲ. “ನೀವೊಬ್ಬರೇ ಅಲ್ಲ” ಎಂದು ಮಾತ್ರ ನುಡಿದರು. ಗದರಿದ್ದರೆ ಚೆನ್ನಾಗಿತ್ತೆನಿಸಿತು.

ಆ ದಿನದಿಂದ ಮನೆಯ ಕ್ರಮ ಬದಲಾಯಿತು. ಸೀಸೆ ಮೂಲೆ ಸೇರಿತು. ಹಾಲು ದಿನಕ್ಕೆ ಎರಡು ಸಲ, ಲೋಟದಲ್ಲಿ, ಊಟವಾದ ಮೇಲೆ. ಸೊಸೆ ಹಗಲಿಗೂ ಎದೆಹಾಲು ತೆಗೆದಿರಿಸತೊಡಗಿದಳು. ವೈದ್ಯೆ ಮಗುವಿನ ತೂಕ ನೋಡಿ ಕಬ್ಬಿಣದ ಹನಿಗಳನ್ನು ಬರೆದುಕೊಟ್ಟರು. ಅದನ್ನು ಹಾಲಿನೊಡನೆ ಕೊಡದೆ ನಡುವಿನ ಹೊತ್ತಿನಲ್ಲಿ ಕೊಟ್ಟೆವು. ಹೆಚ್ಚಾದರೆ ಕಬ್ಬಿಣವೂ ವಿಷವೇ ಆದುದರಿಂದ ಸೀಸೆ ಮಕ್ಕಳ ಕೈಗೆ ಎಟುಕಬಾರದೆಂದು ಎಚ್ಚರಿಸಿದ್ದರು.

ಊಟದ ವಿಷಯದಲ್ಲಿ ಹೊಸದೇನನ್ನೂ ಕಲಿಯಬೇಕಾಗಲಿಲ್ಲ, ಮರೆತುದನ್ನು ನೆನೆಸಿಕೊಳ್ಳಬೇಕಾಯಿತಷ್ಟೆ. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಹುಡಿ ಮಾಡಿದೆವು. ಮೊಳಕೆಯಿಂದ ಕಬ್ಬಿಣವನ್ನು ಹಿಡಿದಿಡುವ ಅಂಶ ಕುಂದುತ್ತದೆ. ಮಣ್ಣಿಯೂ ಗಂಟಾಗದೆ ಸಡಿಲವಾಗುವುದರಿಂದ ನೀರು ಹೆಚ್ಚು ಸುರಿಯದೆ ಗಟ್ಟಿಯಾದ ಆಹಾರವನ್ನು ಮಗು ನುಂಗಬಲ್ಲುದು. ಹೆಸರುಬೇಳೆಯೊಂದಿಗೆ ಹರಿವೆ, ನುಗ್ಗೆಸೊಪ್ಪು ಬೇಯಿಸಿ ಅರೆದು, ಮೇಲೆ ನಾಲ್ಕು ಹನಿ ಲಿಂಬೆರಸ. ಹುಳಿಯಲ್ಲಿರುವ ಸಿ ಜೀವಸತ್ವ ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ; ಚಹಾ ಅದನ್ನೇ ತಡೆಯುತ್ತದೆ. ಮಾಂಸಾಹಾರದ ಮನೆಗಳಲ್ಲಿ ಮೊಟ್ಟೆ, ಮುಳ್ಳು ತೆಗೆದ ಮೀನು, ನುಣ್ಣಗೆ ಬೇಯಿಸಿದ ಮಾಂಸ ಇವು ಇನ್ನೂ ಸುಲಭದ ದಾರಿ. ಸಸ್ಯಾಹಾರಿ ತಾಯಂದಿರಲ್ಲಿ ಬಿ-12 ಜೀವಸತ್ವ ಕಡಿಮೆಯಿದ್ದರೆ ಎದೆಹಾಲಿನಲ್ಲಿಯೂ ಅದು ಕಡಿಮೆಯಾಗಿ ಮಗುವಿನ ಬೆಳವಣಿಗೆ ಹಿಂದೆ ಬೀಳುವುದುಂಟು. ಆಗ ತಾಯಿಗೂ ಚಿಕಿತ್ಸೆ ಬೇಕು. ಒಂಬತ್ತನೆಯ ತಿಂಗಳಿನಿಂದ ಎ ಜೀವಸತ್ವದ ದ್ರವ, ಮೊದಲ ವರ್ಷ ದಿನಂಪ್ರತಿ 400 ಯೂನಿಟ್ ಡಿ ಜೀವಸತ್ವ, ಇವೆರಡೂ ವೈದ್ಯರ ಮಾತಿನಂತೆ ನಡೆಯತಕ್ಕವು. ಇದರಾಚೆ ಹಸಿವು ಹೆಚ್ಚಿಸುವ ಟಾನಿಕ್ಕುಗಳನ್ನು ನಮ್ಮ ವೈದ್ಯೆ ಬರೆಯಲಿಲ್ಲ. ವರ್ಷ ತುಂಬುವ ಮುನ್ನ ಜೇನು ನೆಕ್ಕಿಸಬಾರದೆಂದೂ ಹೇಳಿದರು. ಅದರಲ್ಲಿರಬಹುದಾದ ಬೀಜಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗುವುದಂತೆ.

ಮೊದಲ ನಾಲ್ಕು ದಿನ ಮಗು ಹಾಲಿಗಾಗಿ ಅತ್ತಿತು. ಆ ಅಳುವನ್ನು ಕೇಳಿ ಸುಮ್ಮನಿರುವುದು ನಮಗೆ ದೊಡ್ಡ ಪರೀಕ್ಷೆ. ಸೀಸೆಗೆ ಕೈ ಹೋಗಿ ಹಿಂದೆ ಬಂದುದು ಎಷ್ಟು ಸಲವೋ! ಐದನೆಯ ದಿನ ಮಣ್ಣಿಯ ಬಟ್ಟಲನ್ನು ತಾನೇ ಎಳೆದುಕೊಂಡಿತು. ಎರಡನೆಯ ವಾರದಲ್ಲಿ ಚಾವಡಿಯ ತುಂಬ ಅಂಬೆಗಾಲಿನ ಓಡಾಟ. ತಿಂಗಳಿಗೆ ಹಿಮೋಗ್ಲೋಬಿನ್ 9.3ಕ್ಕೆ ಏರಿತು, ಮೂರು ತಿಂಗಳಿಗೆ 11.4ಕ್ಕೆ. ಮಣ್ಣು ತಿನ್ನುವುದು ತಾನಾಗಿಯೇ ನಿಂತಿತು. ಕಬ್ಬಿಣದ ಬುತ್ತಿ ಮತ್ತೆ ತುಂಬಲೆಂದು ಹನಿಗಳನ್ನು ಇನ್ನೂ ಕೆಲವು ಕಾಲ ಮುಂದುವರಿಸಿದ್ದೇವೆ.

ನಮ್ಮ ಮನೆಯ ಅನುಭವ ಒಂಟಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ದೇಶದಲ್ಲಿ ನೂರಕ್ಕೆ 67.1, ಕರ್ನಾಟಕದಲ್ಲಿ 65.5, ಕೇರಳದಲ್ಲಿ 39.4 ಮಂದಿ ರಕ್ತಹೀನರು. ಇವರಲ್ಲಿ ಹೆಚ್ಚಿನವರು ಉಣ್ಣಲಿಲ್ಲದವರೆಂದು ನಾವು ಭಾವಿಸಿದ್ದೆವು. ಹಾಲು ಉಕ್ಕುವ ಮನೆಗಳ ಮಕ್ಕಳೂ ಆ ಲೆಕ್ಕದಲ್ಲಿ ಸೇರಿರಬಲ್ಲರೆಂದು ಈಗ ಬಲ್ಲೆವು.

ಸೊಸೆ ನಮ್ಮನ್ನು ಒಂದು ದಿನವೂ ಆಡಿಕೊಳ್ಳಲಿಲ್ಲ. ಕೊನೆಯ ರಕ್ತಪರೀಕ್ಷೆಯ ಕಾಗದ ಬಂದ ರಾತ್ರಿ ನಾವೇ ಮಾತು ತೆಗೆದೆವು: “ನೀನು ಹೇಳಿದಾಗ ಕೇಳಬೇಕಿತ್ತು, ಮಗಳೇ.” ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಇನ್ನೊಂದು ಸಲ ಹೇಳಬೇಕಿತ್ತು, ಮಾವ” ಎಂದಳು. ಮರುದಿನ ಆ ಮಲಯಾಳಂ ಕಾಗದವನ್ನು ಪಕ್ಕದ ಮನೆಯ ಹುಡುಗಿಯಿಂದ ಓದಿಸಿ, ಸಾಲು ಸಾಲಾಗಿ ಕನ್ನಡಕ್ಕೆ ಇಳಿಸಿ, ಅಡಿಗೆಮನೆಯ ಬಾಗಿಲಿಗೆ ಅಂಟಿಸಿದೆವು. ನೆರೆಕರೆಯ ಎಳೆಯ ತಾಯಂದಿರು ಬಂದು ಅದನ್ನು ಬರೆದುಕೊಂಡು ಹೋಗುತ್ತಿದ್ದಾರೆ. ಈ ಲೇಖನವೂ ಅದರ ವಿಸ್ತಾರವೇ.

ಗೌರಿ ಇಂದಿಗೂ ಹತ್ತು ಲೀಟರ್ ಕರೆಯುತ್ತದೆ. ಹೆಚ್ಚಾದ ಹಾಲನ್ನು ಸೊಸೈಟಿಗೆ ಹಾಕುತ್ತೇವೆ. ಅಮೃತಂ ಹುಡಿಯ ಪೊಟ್ಟಣ ಅಡಿಗೆಮನೆಯ ಕಪಾಟಿನಲ್ಲಿದೆ. ಹಟ್ಟಿಯ ಕಡೆಗೆ ಅದು ಹೋಗುವುದಿಲ್ಲ.